ಹಸು ಕಟ್ಟೋ ಹಗ್ಗ

ಜೂನ್ ೧೨, ಗುರುವಾರ

ವೆಬ್‌ಸೈಟ್ ಮಾಡಿಸಿ ವರ್ಷವಾದರೂ ಅದನ್ನು ನೋಡಿ ಒಬ್ಬ ಗಿರಾಕಿಯೂ ಬಂದಿರಲಿಲ್ಲ. ನಮ್ಮ ಹಗ್ಗದ ಅಂಗಡಿಗೆ ಅದರಲ್ಲಿ ‘ಪ್ರೀಮಿಯಂ ಕಾಯರ್ ಪ್ರಾಡಕ್ಟ್ಸ್’ ಎಂದು ಜಂಬದ ಹೆಸರಿಟ್ಟವನು ನಾನೇ. ಹೋದ ತಿಂಗಳು ಮಗಳು ಬಿಂದುಶ್ರೀ ನೋಡಿ ನಕ್ಕಳು.

“ಗೂಗಲ್‌ನಲ್ಲಿ ಹಿಂಗೆ ಯಾರಪ್ಪಾ ಹುಡುಕ್ತಾರೆ? ಜನ ಅಂಗಡಿಗೆ ಬಂದು ಏನಂತ ಕೇಳ್ತಾರೋ ಅದನ್ನೇ ಹಾಕು.”

ಏನಂತ ಕೇಳುತ್ತಿದ್ದರು? ಆಗಿನಿಂದ ಕಿವಿಯಲ್ಲಿ ಅದೇ. ಹಸು ಮಾರಿದವರು ಹಗ್ಗ ಬಿಚ್ಚಿಟ್ಟುಕೊಂಡೇ ಹಸು ಕೊಡುವುದು ನಮ್ಮ ಕಡೆಯ ರೂಢಿ. ಹಾಗಾಗಿ ಸಂತೆಯಲ್ಲಿ ಕೊಂಡವರು ಹಸುವಿನ ಕೊರಳಿಗೆ ಟವೆಲ್ ಸುತ್ತಿ, ಹಿಡಿದುಕೊಂಡು ನೇರ ನಮ್ಮ ಅಂಗಡಿಗೆ ಬರುತ್ತಿದ್ದರು.

“ಹಗ್ಗದಮ್ಮಾ, ಹಸು ಕಟ್ಟೋ ಹಗ್ಗ ಕೊಡವ್ವಾ.”

ಅವ್ವ ಮೊದಲು ಎದ್ದುಹೋಗಿ ಹಸುವಿನ ಕೊರಳಡಿಯ ಗಂಗೆದೊಗಲು ಸವರುತ್ತಿದ್ದಳು. ಹಗ್ಗ ಆಮೇಲೆ. ಬೋರ್ಡಿನಲ್ಲಿದ್ದದ್ದು ಅಪ್ಪನ ಹೆಸರು. ಅದನ್ನು ಯಾರೂ ಓದಿದ್ದು ನಾನು ಕಾಣೆ.

ಬಿಂದು ‘ಹಸು ಕಟ್ಟೋ ಹಗ್ಗ, ಹಗ್ಗದಮ್ಮನ ಅಂಗಡಿ, ಅರಸೀಕೆರೆ’ ಎಂದು ಬದಲಾಯಿಸಿದಳು. ಅಂಗಡಿ ತೆಗೆಯುವ ಹೊತ್ತು, ಫೋನ್ ನಂಬರು ಹಾಕಿದಳು. ಫೋಟೊ ಅವ್ವನದು: ಹಗ್ಗದ ಸುರುಳಿಗಳ ನಡುವೆ ಕೂತು ಯಾರನ್ನೋ ಗದರುತ್ತಿದ್ದಾಳೆ.

ಇವತ್ತು ಸಂಜೆ ಕಣಕಟ್ಟೆಯಿಂದ ಒಬ್ಬರು ಫೋನ್ ಮಾಡಿದರು. ಹೊಸ ಹಸು ತಂದಿದ್ದಾರಂತೆ. ಮೊಬೈಲಿನಲ್ಲಿ ಹುಡುಕಿದ ತಕ್ಷಣ ನಮ್ಮ ಅಂಗಡಿ ಬಂತಂತೆ.

“ಫೋಟೊ ನೋಡಿ ಗುರುತು ಸಿಕ್ತು ಕಣ್ರೀ. ಹಗ್ಗದಮ್ಮ ಅಂಗಡೀಲಿ ಅವ್ರಾ? ನಾಳೀಕೆ ಬತ್ತೀನಿ.”

ಅವ್ವ ಹೋಗಿ ಆರು ವರ್ಷವಾಯಿತು. “ಬನ್ನಿ, ಅಂಗಡಿ ತೆಗೆದಿರ್ತೀವಿ” ಎಂದುಬಿಟ್ಟೆ.

ಪಾಪ, ಬಸ್ಸಿನಲ್ಲಿ ಬರುತ್ತಾರೇನೋ. ಹಸುವನ್ನೂ ಹಿಡಿದುಕೊಂಡು ಬನ್ನಿ ಎನ್ನಬೇಕಿತ್ತು, ಗಂಗೆದೊಗಲು ಸವರುವುದಕ್ಕಾದರೂ.