ಗಂಟು ಬಿಡಿಸಿದ ಶನಿವಾರ

ಹ್ಯಾನ್‌ಕಾಕ್, ಮಿಷಿಗನ್
ಡಿಸೆಂಬರ್ ೧೪

ಪ್ರೀತಿಯ ಅಮ್ಮ,

ಅಂಚೆ ದೋಣಿ ಈ ಕಾಗದವನ್ನು ನಿನ್ನ ಹಡಗಿಗೆ ಮುಟ್ಟಿಸುವ ಹೊತ್ತಿಗೆ ನೀನು ನಾವಿಕರ ಊಟಕ್ಕೆ ಆಲೂಗಡ್ಡೆ ಸುಲಿಯುತ್ತಿರುತ್ತೀಯ. ಚಾಕು ಕೆಳಗಿಡು. ಸೀಟು ಸಿಕ್ಕಿತು ಅಮ್ಮ! ನಾವು ಆಸೆಪಟ್ಟ ಅದೇ ಕಾಲೇಜು, ಪೂರ್ತಿ ವಿದ್ಯಾರ್ಥಿವೇತನ! ಡೋರಿನ್ ಚಿಕ್ಕಮ್ಮ ಮನೆಯ ಚಪ್ಪಲಿಯಲ್ಲೇ ಹಿಮಕ್ಕಿಳಿದು ಬೀದಿಗೆಲ್ಲ ಸಾರಿ ಬಂದಳು.

ಈಗ ಬೈಯದೆ ಓದು. ಹಡಗು ಹತ್ತುವಾಗ ನೀನು, "ಚಿಕ್ಕಮ್ಮ ಹೇಳ್ದಂಗೆ ಕೇಳು, ಆ ಕುಣಿತದ ಸಹವಾಸ ಬಿಡು. ಅದು ನಂಗೇನ್ ಕೊಡ್ತು?" ಅಂದಿದ್ದೆ. ನಾನು ಅರ್ಧ ಮಾತ್ರ ಕೇಳಿದೆ. ಚಿಕ್ಕಮ್ಮನದು ಒಂದೇ ಮಂತ್ರ: "ಮಾರ್ಕ್ಸು ಎಲ್ರೂ ತೆಗೀತಾರೆ ಕಣೇ. ಯಾವ್ದಾದ್ರೂ ಸಂಘಕ್ಕೆ ಅಧ್ಯಕ್ಷೆ ಆಗ್ದಿದ್ರೆ ಕಾಲೇಜ್ನೋರು ಮೂಸಿನೂ ನೋಡಲ್ಲ!" ಹಾಗಾಗಿ ಕತ್ತಿವರಸೆ, ಚೆಸ್, ಚರ್ಚಾಕೂಟ, ಕೊನೆಗೆ ಆಮೆ ರಕ್ಷಣಾ ಸಂಘ. ಅಧ್ಯಕ್ಷೆ ನಾನು, ಸದಸ್ಯೆ ಚಿಕ್ಕಮ್ಮ. ಇಬ್ಬರೂ ಆಮೆಯ ಮುಖ ಕಂಡವರಲ್ಲ. ಅರ್ಜಿಯಲ್ಲಿ ಅವೆಲ್ಲ ಇದ್ದವು, ಕುಣಿತ ಮಾತ್ರ ಇರಲಿಲ್ಲ.

ಆದರೆ ಶನಿವಾರ ಸಂಜೆ ನಾನು ಸಭಾಂಗಣಕ್ಕೆ ತಪ್ಪದೆ ಹೋಗುತ್ತಿದ್ದೆ. ಸ್ಕ್ವೇರ್ ಡ್ಯಾನ್ಸಿನಲ್ಲಿ ಯಾರು ಯಾರ ಕೈ ಹಿಡಿಯಬೇಕು, ಯಾವಾಗ ತಿರುಗಬೇಕು ಎಂದು ಮೈಕಿನಲ್ಲಿ ಕೂಗುವ ಟೊಯ್ವೊ ಅಜ್ಜನ ಪಕ್ಕ ನಿಲ್ಲುತ್ತಿದ್ದೆ. ನವೆಂಬರಿನ ಒಂದು ಶನಿವಾರ ಅಜ್ಜನ ಗಂಟಲು ಕಟ್ಟಿತು. ಕಾಲೇಜಿನ ಪರವಾಗಿ ನನ್ನ ಸಂದರ್ಶನ ಮಾಡಲು ಮಿಸೆಸ್ ಪ್ರೆಂಟಿಸ್ ಎಂಬುವರು ಗ್ರಂಥಾಲಯಕ್ಕೆ ಬರಬೇಕಿದ್ದದ್ದೂ ಅದೇ ಸಂಜೆ.

"ಕುಣಿತ ಹಾಳಾಗ್ ಹೋಗ್ಲಿ, ಗ್ರಂಥಾಲಯಕ್ಕೆ ನಡಿ!" ಎಂದು ಚಿಕ್ಕಮ್ಮ ಕೆಂಡವಾದಳು. ಕೂಗುವವರಿಲ್ಲದಿದ್ದರೆ ಅಷ್ಟೂ ಜನ ಗೋಡೆಗೊರಗಿ ಕೂರಬೇಕಲ್ಲ! ನಾನೇ ಫೋನು ಮಾಡಿ, "ಮೇಡಂ, ಇವತ್ತು ನಾನಿಲ್ದಿದ್ರೆ ಇಲ್ಲಿ ಕುಣಿತ ನಿಂತೋಗತ್ತೆ. ನೀವೇ ಇಲ್ಲಿಗೆ ಬರ್ತೀರಾ?" ಎಂದೆ. ಚಿಕ್ಕಮ್ಮ ತಲೆ ಮೇಲೆ ಕೈ ಹೊತ್ತು ಕೂತಳು.

ಅವರು ಬಂದೇಬಿಟ್ಟರು. ನಾಲ್ಕು ಜೋಡಿ ಸೇರಿ ನಿಲ್ಲುವ ಒಂದು ಚೌಕದಲ್ಲಿ ಒಬ್ಬರು ಕಡಿಮೆಯಿದ್ದರು. ಕೋಟು ಬಿಚ್ಚುವಷ್ಟರಲ್ಲಿ ಅವರನ್ನು ಒಳಗೆಳೆದುಕೊಂಡರು. ಪಾಪ, ಎಡಗೈ ಅಂದರೆ ಬಲಗೈ ಕೊಟ್ಟರು. ಇಡೀ ಚೌಕ ಗಂಟುಬಿತ್ತು. ನಾನು ಪಿಟೀಲು ನಿಲ್ಲಿಸಲು ಬಿಡಲಿಲ್ಲ. ತಾಳ ತಪ್ಪದಂತೆ ಕೂಗುತ್ತಲೇ ಒಬ್ಬೊಬ್ಬರ ಕೈ ಬಿಡಿಸಿ, ಎಲ್ಲರನ್ನೂ ಅವರವರ ಜೋಡಿಗೆ ಮುಟ್ಟಿಸಿದೆ. ಶಿಳ್ಳೆಯೋ ಶಿಳ್ಳೆ! ಮಿಸೆಸ್ ಪ್ರೆಂಟಿಸ್ ಏದುಸಿರು ಬಿಡುತ್ತ, "ಅಲ್ಲಮ್ಮಾ, ಇದನ್ನ ಯಾಕೆ ಅರ್ಜೀಲಿ ಬರೀಲಿಲ್ಲ? ಆಮೆಯಂತೆ ಆಮೆ!" ಎಂದು ನಕ್ಕರು. ಚಿಕ್ಕಮ್ಮ ಹೋಗಿ ಅವರಿಗೆ ಕಾಫಿ ತಂದುಕೊಟ್ಟಳು.

ಅವರು ತಮ್ಮ ವರದಿಯಲ್ಲಿ ಆ ಗಂಟಿನ ಕಥೆಯನ್ನೇ ಬರೆದರಂತೆ. ಸೀಟಿನ ಪತ್ರದ ಕೆಳಗೆ ಯಾರೋ ಕೈಯಲ್ಲಿ ಬರೆದಿದ್ದಾರೆ: "ಇಲ್ಲೂ ಕೂಗುವವರಿಲ್ಲ, ಬೇಗ ಬಾ."

ನಿನ್ನ ಮಾತು ಕೇಳದೆ ಗೆದ್ದ ಮಗಳು,
ಸೆಲ್ಮಾ

ಮರೆತ ಮಾತು: ಇದನ್ನೆಲ್ಲ ಯಾರಿಂದ ಕಲಿತೆ ಎಂದು ಮಿಸೆಸ್ ಪ್ರೆಂಟಿಸ್ ಕೇಳಿದಾಗ ಟೊಯ್ವೊ ಅಜ್ಜನ ಕಡೆ ಕೈ ತೋರಿಸಿದೆ. ಅಜ್ಜ ತಲೆಯಾಡಿಸಿ, "ನಾನಲ್ಲ, ಇವಳಮ್ಮ" ಎಂದ. ನಾನು ಚಿಕ್ಕವಳಿದ್ದಾಗ ನೀನು ಕೂಗುತ್ತಿದ್ದೆ, ನಾನು ಮೈಕಿನ ಮೇಜಿನ ಕೆಳಗೆ ಕೂತು ಕೇಳುತ್ತಿದ್ದೆ. ಕುಣಿತ ಏನು ಕೊಟ್ಟಿತು ಅಂದೆಯಲ್ಲ, ಈಗ ಹೇಳು. ಜನವರಿಯಲ್ಲಿ ಸರೋವರ ಹೆಪ್ಪುಗಟ್ಟಿ, ಹಡಗು ನಿಂತು, ನೀನು ಮನೆಗೆ ಬರುತ್ತೀಯಲ್ಲ, ಆ ಶನಿವಾರಕ್ಕೆ ಸಭಾಂಗಣದ ಹಲಗೆಯ ಮೇಲೆ ನಿನ್ನ ಹೆಸರು ಬರೆಸಿಬಿಟ್ಟಿದ್ದೇನೆ. ಕೂಗುವವಳು ನೀನು. ನಾನು ಕುಣಿಯುತ್ತೇನೆ.