ಸುಂದರಾಬಾಯಿಯ ಕಾಯಿಲೆ, ನಮ್ಮ ಮನೆಯ ಕಂತು

ಹುಬ್ಬಳ್ಳಿ
ಮಂಗಳವಾರ, ೧೯ ಜುಲೈ ೨೧೩೫
ಸುಧಾರಣೆಯ ನಲವತ್ತೊಂದನೆಯ ವರ್ಷ

ಪ್ರೀತಿಯ ದ್ರಾಕ್ಷಾಯಣಿ ಮುತ್ತಜ್ಜಿಗೆ,

ಮೇಲಿನ ತಾರೀಖು ನೋಡಿ, ಬರೆದವರಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ತಾರೀಖು ಸರಿಯಾಗಿಯೇ ಇದೆ. ನಾನು ನೀಲಾಂಬಿಕಾ, ನಿನ್ನ ಮಗಳು ಸಾನ್ವಿಯ ಮೊಮ್ಮಗಳು. ನಿನ್ನ ಸಾನ್ವಿಗೆ ಈಗ ಹತ್ತು ವರ್ಷ, ಬೆಳಗ್ಗೆ ಜಡೆ ಹಾಕಿಸಿಕೊಳ್ಳಲು ರಂಪ ಮಾಡುತ್ತಾಳೆ. ಇದನ್ನು ಅವಳೇ ತನ್ನ ಅರವತ್ತನೆಯ ವಯಸ್ಸಿನಲ್ಲಿ ನನಗೆ ಜಡೆ ಹಾಕುತ್ತಾ ಹೇಳಿದ್ದಳು. ನನಗೀಗ ಎಪ್ಪತ್ತೆರಡು, ನಿನಗೆ ಮೂವತ್ತೊಂದು. ನಿನ್ನನ್ನು ಏನೆಂದು ಕರೆಯುವುದು ಎಂದು ಎರಡು ದಿನ ಯೋಚಿಸಿದೆ. ನಮ್ಮ ಮನೆಯಲ್ಲಿ ಮುತ್ತಜ್ಜಿಗೂ ನೀನು ಎನ್ನುತ್ತೇವೆ, ಮೊಮ್ಮಗಳ ವಯಸ್ಸಿನವಳಿಗೂ ನೀನು ಎನ್ನುತ್ತೇವೆ. ಹಾಗಾಗಿ ನೀನು ಎಂದೇ ಬರೆಯುತ್ತೇನೆ.

ನನ್ನ ಮಾತು ನಿನಗೆ ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸು. ನಾನು ಶಾಲೆಗೆ ಹೋದವಳಲ್ಲ. ನಲವತ್ತು ವರ್ಷ ತಂಪಂಗಿ ಹೊಲಿದೆ. ತಂಪಂಗಿ ಎಂದರೆ ಒಳಗೆ ಸಣ್ಣ ನಳಿಕೆಗಳಲ್ಲಿ ನೀರು ಓಡುವ ಅಂಗಿ, ಅದಿಲ್ಲದೆ ನಮ್ಮಲ್ಲಿ ಹೊತ್ತು ಏರಿದ ಮೇಲೆ ಯಾರೂ ಬೀದಿಗೆ ಇಳಿಯುವುದಿಲ್ಲ. ಅದರ ಕೊರಳಿಗೆ ಹೊಲಿಯುವ ಚೀಟಿಗಳನ್ನು ಓದಿ ಓದಿಯೇ ಅಕ್ಷರ ಕಲಿತೆ. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಹೆಚ್ಚಾಗಿ ಸಿಕ್ಕಿದ್ದು ವಿಮೆಯ ಕಾಗದಗಳು. ಈ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನವರಿಗೆ ಕಳಿಸುವ ಓಲೆ. ಮನೆಗೆ ಒಂದೇ ಸಲ ಸಿಗುವ ಅವಕಾಶ. ಇದು ತಲುಪಿತೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ತಲುಪಿದರೂ ನಮ್ಮ ಈ ಮಂಗಳವಾರ ಬದಲಾಗುವುದಿಲ್ಲವಂತೆ, ನೀನಿರುವಲ್ಲಿಂದ ಬೇರೊಂದು ಕವಲು ಒಡೆದು ಅಲ್ಲಿಯವರ ದಿನಗಳು ಬೇರೆಯಾಗುತ್ತವಂತೆ. ಅಂದರೆ ನನಗಾಗಿ ಏನನ್ನೂ ಕೇಳಿಕೊಳ್ಳುವಂತಿಲ್ಲ. ಇದು ನಿನ್ನ ಲಕ್ಷ್ಯದಲ್ಲಿರಲಿ.

ನನ್ನ ಮೊಮ್ಮಗಳು ತುಂಗಾಳಿಗೆ ಹೆಣ್ಣುಮಗು ಹುಟ್ಟಿ ಇಪ್ಪತ್ತಾರು ದಿನ ಆಯಿತು. ಇನ್ನೂ ಹೆಸರಿಟ್ಟಿಲ್ಲ, ತೊಟ್ಟಿಲಿಗೆ ಹಾಕಿಲ್ಲ. ನಮ್ಮ ಕಾಲದಲ್ಲಿ ಮಗುವಿನ ಹೆಸರು ಮೊದಲು ಮನೆಕಾರ್ಡಿಗೆ ಹತ್ತಬೇಕು, ಆಮೇಲೆ ತೊಟ್ಟಿಲು. ಮನೆಕಾರ್ಡು ಎಂದರೆ ಇಡೀ ಮನೆಯ ಆರೋಗ್ಯ ವಿಮೆಯ ಕಾರ್ಡು. ಮೂವತ್ತು ದಿನದೊಳಗೆ ಹತ್ತದಿದ್ದರೆ ಮಗು ಬದುಕಿರುವಷ್ಟು ಕಾಲ ತಡದ ಶ್ರೇಣಿಯಲ್ಲಿ ಕಂತು ಕಟ್ಟಬೇಕು. ಶ್ರೇಣಿಗಳಲ್ಲಿ ಅದು ಕೊನೆಯದಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಕೂಸಿನ ಮೂಗು ಸೋರಿದರೂ ತುಂಗಾ ಬೆಚ್ಚಿಬೀಳುತ್ತಾಳೆ. ಕಾರ್ಡಿಲ್ಲದ ಕೂಸನ್ನು ಯಾವ ಆಸ್ಪತ್ರೆಯೂ ಒಳಗೆ ಬಿಡುವುದಿಲ್ಲ.

ಈ ಶ್ರೇಣಿಗಳು ಬಂದದ್ದು ಸುಧಾರಣೆಯಿಂದ. ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಸುಧಾರಣೆಗೂ ಮುಂಚೆ ನನ್ನ ಅವ್ವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಮೂರು ಕಂಪನಿಗಳು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದವು. ಇನ್ನು ಮುಂದೆ ಯಾರಿಗೂ ವಿಮೆ ಇಲ್ಲ ಎನ್ನುವಂತಿಲ್ಲ, ಯಾರ ರಕ್ತವನ್ನೂ ಪರೀಕ್ಷಿಸಿ ಕಂತು ನಿಗದಿ ಮಾಡುವಂತಿಲ್ಲ ಎಂದು ಕಾನೂನು ಬಂದ ದಿನ ನಾನು ದುರ್ಗದಬೈಲಿನಲ್ಲಿ ನಿಂತು ಬಂದವರಿಗೆಲ್ಲ ಪೇಢೆ ಹಂಚಿದೆ. ಆ ಪೇಢೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಎಲ್ಲರನ್ನೂ ಸೇರಿಸಿಕೊಂಡರೆ ಎಲ್ಲರ ಕಂತೂ ಏರುತ್ತದೆ ಎಂದು ಕಂಪನಿಗಳು ಅತ್ತವು. ಏರಲಿ, ಎಲ್ಲರೂ ಸ್ವಲ್ಪ ಸ್ವಲ್ಪ ಹೊರುತ್ತಿದ್ದೆವು. ಯಾರಿಗೆ ಯಾವಾಗ ಏನು ಬರುತ್ತದೋ ತಿಳಿಯದು ಎಂದೇ ಅಲ್ಲವೇ ಹತ್ತು ಜನ ಕೂಡಿ ಹಣ ಇಡುವುದು. ಆದರೆ ಸರ್ಕಾರ ಹೆದರಿತು. ಕೊನೆಯ ವಾರದಲ್ಲಿ ಕಾನೂನಿಗೆ ಒಂದು ಸಾಲು ಸೇರಿಸಿತು: ಮನೆಯ ಭಾರ ಮನೆಗೆ. ಅಂದರೆ, ಯಾವ ಮನೆಯ ಹಿರಿಯರಿಗೆ ಯಾವ ಕಾಯಿಲೆ ಇತ್ತೋ ಅದನ್ನು ನೋಡಿ ಆ ಮನೆಯ ಶ್ರೇಣಿ, ಶ್ರೇಣಿ ನೋಡಿ ಕಂತು. ರಕ್ತ ಮುಟ್ಟಬಾರದು ಎಂದರಲ್ಲ, ಅದಕ್ಕೆ ಕಂಪನಿಗಳು ಕಾಗದ ಮುಟ್ಟಿದವು. ಸತ್ತವರ ಆಸ್ಪತ್ರೆಯ ಕಾಗದಗಳನ್ನೆಲ್ಲ ಕೊಂಡುಕೊಂಡು ಗುಡ್ಡೆ ಹಾಕಿದವು. ಹಳೆಯ ಕಾಲದಲ್ಲಿ ಬಾಗಿಲಲ್ಲಿ ನಿಂತು ಇಲ್ಲ ಅನ್ನುತ್ತಿದ್ದರು. ಈಗ ಒಳಗೆ ಕರೆದು, ಕುರ್ಚಿ ಕೊಟ್ಟು, ನೀರು ಕುಡಿಸಿ, ನಮ್ಮಿಂದ ಎತ್ತಲಾಗದ ಕಂತು ಹೇಳುತ್ತಾರೆ.

ಇದರಲ್ಲೇ ಬದುಕಲು ಕಲಿತಿದ್ದೇವೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುವ ಮೊದಲೇ ಶ್ರೇಣಿಯ ಚೀಟಿ ಕೇಳುತ್ತಾರೆ. ಮಿರ್ಚಿ ಭಜಿಯ ಅಂಗಡಿಗೆ ಈಗ ದಪ್ಪ ಪರದೆ ಇದೆ, ಎಣ್ಣೆಯದ್ದು ತಿಂದದ್ದು ದಾಖಲಾದರೆ ಕಂತು ಏರುತ್ತದೆ, ಆದ್ದರಿಂದ ದೊಡ್ಡ ದೊಡ್ಡವರೂ ತಲೆಗೆ ಟವೆಲ್ ಹೊದ್ದು ಒಳಗೆ ನುಗ್ಗುತ್ತಾರೆ. ಪ್ರತಿ ಮನೆಯ ಬಾಗಿಲ ಪಕ್ಕ ಒಂದು ಉಸಿರುಡಬ್ಬಿ ಇದೆ, ಬೆಳಗ್ಗೆ ಎದ್ದು ಮನೆಯ ಯಜಮಾನ ಅದರೊಳಗೆ ಊದಬೇಕು, ಉಸಿರು ಕೆಟ್ಟಿದ್ದರೆ ಕಂತು ಏರುತ್ತದೆ. ನಮ್ಮ ಓಣಿಯಲ್ಲಿ ಹನ್ನೆರಡು ಮನೆಗಳ ಡಬ್ಬಿಗೂ ಊದುವವಳು ಗೌರಾಬಾಯಿ ಒಬ್ಬಳೇ, ಅವಳ ಪುಪ್ಪುಸ ಅಷ್ಟು ಚೊಕ್ಕ. ಸಂಕ್ರಾಂತಿಗೆ ಅವಳು ತವರಿಗೆ ಹೋದರೆ ಗಂಡಸರ ಮುಖ ಬಾಡುತ್ತದೆ. "ನಾ ಸತ್ತರ ಇಡೀ ಓಣಿ ಒಂದ ದಿನಕ್ಕ ಸತ್ತಂಗ ನೋಡ್ರಿ" ಎಂದು ನಗುತ್ತಾಳೆ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ, ಅಂದರೆ ನಿನ್ನ ವಿಷಯಕ್ಕೆ. ರೊಟ್ಟಿ ಕೇಂದ್ರದಲ್ಲಿ ನಿನ್ನ ಬಲಗಡೆಯ ಒಲೆಯ ಮುಂದೆ ಕೂರುವ ಸುಂದರಾಬಾಯಿಯ ಕಾಲು ಬಾತಿರುವುದನ್ನು ನೀನು ಗಮನಿಸಿರಬಹುದು. ಅದು ಅವಳ ಅಪ್ಪನಿಂದ ಬಂದ ಕಿಡ್ನಿ ಕಾಯಿಲೆ. ಬರುವ ಚಳಿಗಾಲದ ಹೊತ್ತಿಗೆ ಅವಳಿಗೆ ಡಯಾಲಿಸಿಸ್ ಬೇಕಾಗುತ್ತದೆ. ಅವಳು ಸೊಲ್ಲಾಪುರದ ಕಡೆಯವಳು, ರೇಷನ್ ಕಾರ್ಡು ಅಲ್ಲಿಯದು, ಇಲ್ಲಿ ಯಾವ ಯೋಜನೆಯೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಆಗ ನೀನು ನಿಮ್ಮ ಮಹಿಳಾ ಸಂಘದ ವಿಮೆಯ ಕಾರ್ಡನ್ನು ಅವಳಿಗೆ ಕೊಡುತ್ತೀಯ. ಕಾರ್ಡಿನ ಮೇಲಿನ ಫೋಟೊ ಕಪ್ಪಗೆ ನೆರಳಿನಂತಿತ್ತಂತೆ, ಆಸ್ಪತ್ರೆಯವರು ಸರಿಯಾಗಿ ನೋಡಲೂ ಇಲ್ಲವಂತೆ. ಸುಂದರಾಬಾಯಿ ದ್ರಾಕ್ಷಾಯಣಿ ಎಂಬ ಹೆಸರಿನಲ್ಲಿ ಆರು ವರ್ಷ ಬದುಕಿದಳು. ತನ್ನ ಮಗಳ ಮದುವೆ ನೋಡಿಕೊಂಡೇ ಹೋದಳು. ಸಾನ್ವಿ ಅಜ್ಜಿ ಇದನ್ನು ಹೇಳುವಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ನಾನೂ ಹಾಗೆಯೇ ಕೂತು ಕೇಳುತ್ತಿದ್ದೆ.

ಆ ಆರು ವರ್ಷದ ಕಾಗದಗಳು ನಿನ್ನ ಹೆಸರಿನಲ್ಲಿವೆ. ಆದ್ದರಿಂದ ನಮ್ಮದು ಕಿಡ್ನಿ ಮನೆ. ನಾಲ್ಕು ತಲೆಮಾರಿನಲ್ಲಿ ಯಾರಿಗೂ ಆ ಕಾಯಿಲೆ ಇಲ್ಲ, ಆದರೂ ನಲವತ್ತೊಂದು ವರ್ಷದಿಂದ ಆ ಕಂತು ಕಟ್ಟುತ್ತಿದ್ದೇವೆ. ಮಗು ಹುಟ್ಟಿದ ಮೇಲೆ, ಈ ಕೂಸಿಗಾದರೂ ಇದು ಬೇಡ ಎಂದು ನಾನೇ ಶ್ರೇಣಿ ಕಚೇರಿಗೆ ತಕರಾರು ಅರ್ಜಿ ಹಾಕಿದೆ. ಹೋದ ಗುರುವಾರ ಕರೆದರು. ಅಲ್ಲಿ ಮಿಣಜಗಿ ಎಂಬ ಸಾಹೇಬರು. ಕೆಟ್ಟವರಲ್ಲ, ನನ್ನನ್ನು ಕಂಡು ಎದ್ದು ನಿಂತರು. ರಕ್ತ ಪರೀಕ್ಷೆ ಮಾಡಿಸಿದರೆ ನಮಗೆ ಕಾಯಿಲೆ ಇಲ್ಲವೆಂದು ತಿಳಿಯುತ್ತದಲ್ಲ ಎಂದೆ.

"ಅಮ್ಮಾರ, ನಿಮ್ಮ ರಕ್ತ ನೋಡೂ ಹಕ್ಕ ನಮಗಿಲ್ಲರಿ. ನೀವ ತಂದ ತೋರಿಸಿದರೂ ನಾವ ಕಣ್ಣ ಮುಚ್ಚಿಕೋಬೇಕು. ಕಾನೂನು. ನಾವು ಕಾಗದ ಅಷ್ಟ ನೋಡತೇವಿ."

"ಹಂಗಾರ ರೋಗ ಬಂದಿದ್ದು ಕಾಗದಕ್ಕರಿ. ಅದಕ್ಕ ಒಂದ ಸೂಜಿ ಚುಚ್ಚರಿ, ನಮ್ಮನ್ನ ಬಿಡ್ರಿ" ಎಂದೆ. ಪಕ್ಕದ ಮೇಜಿನವರೂ ನಕ್ಕರು. ಅವರು ನಕ್ಕದ್ದರಿಂದ ನನಗೆ ಧೈರ್ಯ ಬಂತು, ನಾನು ಮಾಡಬಾರದ ಕೆಲಸ ಮಾಡಿದೆ. ನಿಜ ಹೇಳಿದೆ. ಸುಂದರಾಬಾಯಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಸಾನ್ವಿ ಅಜ್ಜಿ ಹೇಳುತ್ತಿದ್ದ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ ಹೇಳಿದೆ. ಸಾಹೇಬರ ನಗು ನಿಂತುಹೋಯಿತು.

"ಅಂದ್ರ, ನಿಮ್ಮ ಮುತ್ತಜ್ಜಿ ತಮ್ಮ ಕಾರ್ಡ್ ಬ್ಯಾರೆದವರಿಗೆ ಕೊಟ್ಟಿದ್ರು ಅಂತ ಒಪ್ಪಿಕೊಳ್ಳಾಕತ್ತೀರಿ?"

"ಒಪ್ಪಿಕೊಳ್ಳೂದೇನ ಬಂತು, ಹೆಮ್ಮಿಲೆ ಹೇಳಾಕತ್ತೀನಿ."

ಅವರು ಪೆನ್ನು ಕೆಳಗಿಟ್ಟು, "ಹೇಳಬಾರದಿತ್ತರಿ" ಎಂದರು, ಬಹಳ ಸಣ್ಣ ದನಿಯಲ್ಲಿ. ಆದರೆ ಅಲ್ಲಿ ಆಡಿದ ಮಾತೆಲ್ಲ ತಾನಾಗಿಯೇ ಬರೆದುಕೊಳ್ಳುವ ಯಂತ್ರವಿದೆ, ಅದು ಬರೆದುಕೊಂಡಾಗಿತ್ತು. ಸಂಜೆಯೊಳಗೆ ನಮ್ಮ ಮನೆ ಕಿಡ್ನಿ ಶ್ರೇಣಿಯಿಂದ ಪೂರ್ವಜರ ವಂಚನೆಯ ಶ್ರೇಣಿಗೆ ಇಳಿಯಿತು. ಅದರ ಕೆಳಗೆ ಶ್ರೇಣಿಯಿಲ್ಲ. ಅದರ ಕಂತನ್ನು ತುಂಗಾ, ಅವಳ ಗಂಡ ಇಬ್ಬರೂ ಹಗಲಿಡೀ ದುಡಿದು ಊಟ ಬಿಟ್ಟರೂ ಕಟ್ಟಲಾರರು. ಒಂದೇ ದಾರಿ ಇದೆ, ಅದನ್ನು ಸಾಹೇಬರೇ ಹೊರಗಿನ ಮೆಟ್ಟಿಲವರೆಗೆ ಬಂದು ಹೇಳಿದರು. ನಾನು ಹೇಳಿದ್ದು ಸುಳ್ಳು, ಸುಂದರಾಬಾಯಿ ಎಂಬವಳು ಇರಲೇ ಇಲ್ಲ, ಕಾಯಿಲೆ ಇದ್ದದ್ದು ನಿನಗೇ ಎಂದು ಈ ಗುರುವಾರ ನಾನು ಬರೆದುಕೊಟ್ಟರೆ ನಮ್ಮನ್ನು ಮತ್ತೆ ಕಿಡ್ನಿ ಮನೆ ಮಾಡುತ್ತಾರೆ. ಮಗು ಕಾರ್ಡಿಗೆ ಹತ್ತುತ್ತದೆ.

ತುಂಗಾ ಮೊದಲು ನನ್ನನ್ನು ಬೈದಳು. "ಆಯೀ, ನೀ ಒಂದ ತಾಸು ಬಾಯಿ ಮುಚ್ಚಿಕೊಂಡಿದ್ದರ ಆಗತಿತ್ತು. ಎಲ್ಲಾರ ಮುಂದ ಕಥಿ ಹೇಳೂ ಚಟಾ ನಿನಗ." ಆಮೇಲೆ ಅತ್ತಳು. ಆಮೇಲೆ, ಮನೆಯ ಹಿಂದೋಲೆ ಇನ್ನೂ ಬಾಕಿ ಇದೆಯಲ್ಲ, ಕಾರ್ಡು ಕೊಡಬೇಡ ಎಂದು ಮುತ್ತಜ್ಜಿಗೆ ಬರೆ ಎಂದಳು. ಬರೆದರೂ ನಮಗೆ ಪ್ರಯೋಜನವಿಲ್ಲ ಎಂದೆ. "ನಮಗ ಇಲ್ಲಂದ್ರ ಬಿಡು. ಆ ಇನ್ನೊಂದ ಕವಲಿನಾಗ ಇನ್ನೊಬ್ಬಾಕಿ ತುಂಗಾ ಇರತಾಳಲ್ಲ, ಆಕಿ ಕೂಸರ ಆರಾಮ ಮಲಗಲಿ" ಎಂದಳು. ಎದೆಹಾಲು ಕುಡಿಸುತ್ತಾ ಕೂತು ಹೇಳಿದ ಮಾತು ಅದು. ಬರೆಯುತ್ತೇನೆ ಎಂದು ಒಪ್ಪಿಕೊಂಡೇ ಈ ಕಾಗದ ಹಿಡಿದೆ.

ಆದರೆ ಮುತ್ತಜ್ಜಿ, ಆ ಸಾಲು ನನ್ನ ಕೈಯಿಂದ ಇಳಿಯುತ್ತಿಲ್ಲ. ಅದನ್ನು ಬರೆದರೆ ನಾನೂ ಮನೆಯ ಭಾರ ಮನೆಗೆ ಎಂದಂತೆಯೇ ಆಯಿತು. ಬಾತ ಕಾಲಿಟ್ಟುಕೊಂಡು ನಿನ್ನ ಪಕ್ಕ ಕೂತು ರೊಟ್ಟಿ ಬಡಿಯುವವಳನ್ನು, ಇನ್ನೂ ಹುಟ್ಟದ ನನ್ನ ಮಕ್ಕಳ ಕಂತಿಗಾಗಿ ಸಾಯಲು ಬಿಡು ಎಂದು ನಾನು ಹೇಗೆ ಹೇಳಲಿ. ನನ್ನ ಸಿಟ್ಟು ನಿನ್ನ ಮೇಲಲ್ಲ, ಅವಳ ಮೇಲೂ ಅಲ್ಲ. ನೂರು ವರ್ಷದ ಹಿಂದಿನ ಒಂದು ಉಪಕಾರವನ್ನು ಇಪ್ಪತ್ತಾರು ದಿನದ ಕೂಸಿನ ಮೈಯಿಂದ ವಸೂಲು ಮಾಡಲು ಕೂತವರ ಮೇಲೆ. ಅದಕ್ಕೆ ಸುಧಾರಣೆ ಎಂದು ಹೆಸರಿಟ್ಟವರ ಮೇಲೆ. ಕೊನೆಯ ವಾರದ ಆ ಒಂದು ಸಾಲನ್ನು ಓದದೆ ಪೇಢೆ ಹಂಚಿದ ನನ್ನ ಮೇಲೆ.

ಕಚೇರಿಯಲ್ಲಿ ನನಗೆ ಇನ್ನೊಂದು ಕಾಗದವನ್ನೂ ತೋರಿಸಿದರು. ನಿಮ್ಮ ಆಸ್ಪತ್ರೆಯ ಕಾಗದಗಳನ್ನೆಲ್ಲ ಕಂಪನಿ ಇಟ್ಟುಕೊಳ್ಳಲು ನೀವು ಕೊಟ್ಟ ಒಪ್ಪಿಗೆ ಅದು. ಒಂದು ಮಧ್ಯಾಹ್ನ, ರೊಟ್ಟಿಯ ದೊಡ್ಡ ಆರ್ಡರು ಇರುವ ದಿನವೇ ನೋಡಿ, ಕಂಪನಿಯಿಂದ ಒಬ್ಬಳು ಬರುತ್ತಾಳೆ. ಸಂಘದವರಿಗೆಲ್ಲ ಪ್ರೀಮಿಯಂನಲ್ಲಿ ರಿಯಾಯಿತಿ, ಜೊತೆಗೆ ಒಂದೊಂದು ಸ್ಟೀಲ್ ಡಬ್ಬಿ ಎನ್ನುತ್ತಾಳೆ. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತದೆ ಎಂದು ನೀವು ಯಾರೂ ಏಳುವುದಿಲ್ಲ. ಅವಳೇ ಒಲೆಯಿಂದ ಒಲೆಗೆ ಬಂದು ಕಾಗದ ಹಿಡಿಯುತ್ತಾಳೆ, ಸಹಿ ಮಾಡಲು ಬರುವವರೂ ಕೈ ಒರೆಸಿಕೊಳ್ಳಲು ಪುರುಸೊತ್ತಿಲ್ಲದೆ ಹೆಬ್ಬೆಟ್ಟು ಒತ್ತುತ್ತೀರಿ. ನಿನ್ನ ಹೆಬ್ಬೆರಳನ್ನು ನಾನು ನೋಡಿದೆ. ಶಾಯಿಯ ನಡುನಡುವೆ ಬಿಳಿ ಬಿಳಿ, ಜೋಳದ ಹಿಟ್ಟು ಅಂಟಿದ ಕಡೆ ಗೆರೆ ಮೂಡಿಲ್ಲ. ನಿಮಗೆ ಓದಲು ಬರುತ್ತಿತ್ತು, ಅದು ಗೊತ್ತಿದ್ದೇ ಅವಳು ಆ ದಿನ ಬಂದಳು. ಮೂರನೆಯ ಪುಟದ ಕೆಳಗೆ, ಈ ಒಪ್ಪಿಗೆ ಸಹಿ ಮಾಡಿದವರ ಸಂತತಿಗೂ ಅನ್ವಯಿಸುತ್ತದೆ ಎಂದು ಇರುವೆ ಸಾಲಿನಷ್ಟು ಸಣ್ಣಗೆ ಇತ್ತು. ರಿಯಾಯಿತಿ ಒಂದೇ ವರ್ಷಕ್ಕೆ.

ನಾನು ಕೇಳುವುದು ಇಷ್ಟೇ. ಆ ದಿನ ರೊಟ್ಟಿ ಸೀದರೆ ಸೀಯಲಿ. ಒಲೆಗಳನ್ನೆಲ್ಲ ಆರಿಸಿ, ಕೈ ತೊಳೆದುಕೊಂಡು, ಆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿರಿ. ಓದಿದ ಮೇಲೆ ಡಬ್ಬಿಗಳ ಸಮೇತ ಅವಳನ್ನು ಕಳಿಸಿಬಿಡಿ. ಪಕ್ಕದ ಓಣಿಯ ಸಂಘಕ್ಕೂ ಹೇಳಿ ಕಳಿಸಿ. ವಿಮೆಯ ಬಗ್ಗೆ ಸರ್ಕಾರ ಹೊಸದೇನನ್ನು ತಂದರೂ, ಅದರ ಕೊನೆಯ ವಾರದಲ್ಲಿ ಸೇರಿಸಿದ ಸಾಲನ್ನು ಮೊದಲು ಓದಿ. ಸುಂದರಾಬಾಯಿಗೆ ಕಾರ್ಡು ಕೊಡು. ತಡ ಮಾಡಬೇಡ, ಚಳಿಗಾಲದವರೆಗೂ ಕಾಯಬೇಡ.

ತುಂಗಾ ಈಗ ಒಳಗೆ ಬಂದು, ಬರೆದೆಯಾ ಎಂದು ಕೇಳಿದಳು. ಬರೆದೆ ಎಂದೆ. ಇದನ್ನು ಅವಳಿಗೆ ಓದಿ ಹೇಳುವ ಧೈರ್ಯ ನನಗೆ ಇಲ್ಲ.

ಗುರುವಾರ ಬೆಳಗ್ಗೆ ಹತ್ತಕ್ಕೆ ಕಚೇರಿಗೆ ಹೋಗುತ್ತೇನೆ. ನೀನು ಆರು ವರ್ಷ ಕಾಯಿಲೆ ಬಿದ್ದಿದ್ದೆ ಎಂದು, ಸುಂದರಾಬಾಯಿ ಎಂಬ ಹೆಸರನ್ನೇ ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ ಎಂದು ನನ್ನ ಕೈಯಾರೆ ಬರೆದುಕೊಡುತ್ತೇನೆ. ಅಕ್ಷರ ಕಲಿತದ್ದಕ್ಕೆ ಮೊದಲ ಸಲ ನಾಚಿಕೆಯಾಗುತ್ತಿದೆ. ಅಲ್ಲಿ ಹಾಗೆ ಬರೆದ ಮೇಲೆ ಈ ಮನೆಯಲ್ಲಿ ಆ ಕಥೆಯನ್ನು ಮತ್ತೆ ಯಾರೂ ಹೇಳುವಂತಿಲ್ಲ, ಕೂಸಿಗೂ ಹೇಳುವಂತಿಲ್ಲ. ನಿಜ ಏನೆಂದು ಬರೆದಿರುವ ಕಾಗದ ಇದೊಂದೇ, ಇದು ನಿನ್ನ ಹತ್ತಿರ ಇರಲಿ. ಸುಂದರಾಬಾಯಿಗೂ ಓದಿ ಹೇಳು. ಮಗು ಎರಡು ದಿನದಲ್ಲಿ ತೊಟ್ಟಿಲಿಗೆ ಬರುತ್ತದೆ ಎಂದೂ ಅವಳಿಗೆ ತಿಳಿಸು.

ನಿನ್ನ,
ನೀಲಾಂಬಿಕಾ