ಬಿಚ್ಚಿ ಹೊಲಿದ ತೋಳು

ಆಸ್ಪತ್ರೆ, ಎರಡನೇ ಮಹಡಿಯ ಬೆಂಚು
ಬುಧವಾರ ಬೆಳಗ್ಗೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ಚಿಕ್ಕವಳ ಮನೆಯ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ ಅಂದಿದ್ದೆ. ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಆ ಬೀದಿಯವರಿಗೆಲ್ಲ ಬುದ್ಧಿ ಹೇಳುವ ಭರದಲ್ಲಿ ನಿನ್ನ ಕಾಲನ್ನೇ ಮರೆತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಅಲ್ಲದಿದ್ದರೂ ಊಟ ಆಗುತ್ತಿದೆ. ನಿದ್ದೆಯ ವಿಷಯ ಮಾತ್ರ ಕೇಳಬೇಡ. ಈಗ ಮೊದಲು ಒಂದು ಕೆಲಸ ಮಾಡು. ಈ ಕಾಗದ ಹಿಡಿದುಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೋ. ನೀನು ಓದುವಾಗ ತುಟಿ ಅಲ್ಲಾಡಿಸುತ್ತೀಯ, ಅರ್ಧ ಮಾತು ಹೊರಗೆ ಕೇಳುತ್ತದೆ. ಇದು ಚಿಕ್ಕವಳ ಕಿವಿಗೆ ಬೀಳಬಾರದು.

ಫೋನು ಇರುವಾಗ ಇವರೇಕೆ ಕಾಗದ ಬರೆದರು ಅಂತ ಹುಬ್ಬೇರಿಸಬೇಡ. ನಿನ್ನ ಫೋನಿನ ಹಣೆಬರಹ ನಿನಗೇ ಗೊತ್ತು. ಕಿವಿ ಸರಿಯಾಗಿ ಕೇಳುವುದಿಲ್ಲ ಅಂತ ಸ್ಪೀಕರ್ ಹಾಕಿ ಮೇಜಿನ ಮೇಲೆ ಇಡುತ್ತೀಯ, ಅವಳು ಪಕ್ಕದಲ್ಲೇ ಕೂತಿರುತ್ತಾಳೆ. ನಾನು ಕೆಮ್ಮಿದರೂ ಅಪ್ಪನಿಗೆ ಏನೋ ಆಗಿದೆ ಅಂತ ಅಳುವ ಪುಕ್ಕಲಿ ಅವಳು. ಏಳು ತಿಂಗಳ ಬಸುರಿಯನ್ನು ನಾನು ಫೋನಿನಲ್ಲಿ ಹೆದರಿಸಲೇ? ಅದಕ್ಕೇ ಸೋಮವಾರ ರಾತ್ರಿ ಹೆಣ್ಣು ಮಗು, ಇಬ್ಬರೂ ಆರಾಮ, ಸ್ವಲ್ಪ ಅವಸರದ ಮಗು ಅಷ್ಟೇ ಅಂತ ಹೇಳಿ ಇಟ್ಟುಬಿಟ್ಟೆ. ನೀನು ಕುಣಿದಾಡಿದ್ದು ಕೇಳಿಸಿತು. ನಮ್ಮ ದಾರ ಗುಂಡಿಯ ವ್ಯಾಪಾರಿ ಸರಕು ತರಲು ಇವತ್ತು ನಿಮ್ಮ ಕಡೆಗೇ ಬರುತ್ತಿದ್ದಾರೆ. ಮಧ್ಯಾಹ್ನದೊಳಗೆ ನಿನ್ನ ಕೈಗೆ ಕೊಡುತ್ತೇನೆ ಅಂದಿದ್ದಾರೆ. ಅವರು ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ಆರಾಮ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಈಗ ಹೇಳುತ್ತೇನೆ, ಗೋಡೆಗೆ ಒರಗಿ ಕೂತುಕೋ. ದೊಡ್ಡವಳು ನಮ್ಮ ಕೈತಪ್ಪಿ ಹೋಗುವುದರಲ್ಲಿದ್ದಳು. ಹೋಗಲಿಲ್ಲ. ಬದುಕಿದ್ದಾಳೆ, ಮಾತಾಡುತ್ತಾಳೆ, ನೀರು ಕೇಳುತ್ತಾಳೆ. ಮಗು ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗಿದೆ, ಕೈಕಾಲು ನನ್ನ ಬೆರಳಿನಷ್ಟೇ ದಪ್ಪ, ಆದರೆ ಅಳು ಮಾತ್ರ ನಿನ್ನಂಥದ್ದೇ, ಇಡೀ ಮಹಡಿಗೆ ಕೇಳುತ್ತದೆ. ಡಾಕ್ಟರಮ್ಮ ಇನ್ನೂ ಒಂದೆರಡು ದಿನ ತಾಯಿಯ ಮೇಲೆ ಕಣ್ಣಿಟ್ಟಿರಬೇಕು ಅಂದಿದ್ದಾರೆ. ಹೆರಿಗೆಯಾದ ತಕ್ಷಣ ಬಸುರಿನ ಈ ಬಿಪಿ ಕಾಯಿಲೆ ಬಿಟ್ಟು ಹೋಗುವುದಿಲ್ಲವಂತೆ. ಅದಕ್ಕೇ ನಾನು ಬೆಂಚಿನ ಮೇಲೆ ಕೂರುತ್ತೇನೆ, ಏಳುತ್ತೇನೆ, ಬಾಗಿಲ ಗಾಜಿನಲ್ಲಿ ಇಣುಕುತ್ತೇನೆ, ನರ್ಸಮ್ಮನ ಕೈಲಿ ಬೈಸಿಕೊಂಡು ಮತ್ತೆ ಬಂದು ಕೂರುತ್ತೇನೆ. ದೊಡ್ಡ ಅಳಿಯ ಎದುರುಗಡೆ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾನೆ. ಪಾಪ, ಮಲಗಲಿ ಅಂತ ಬಿಟ್ಟಿದ್ದೇನೆ.

ನಿನ್ನೆ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಇವಳಿಗೆ ಅಕ್ಕತಂಗಿಯರು ಇದ್ದಾರಾ, ಅವರಲ್ಲಿ ಯಾರಾದರೂ ಬಸುರಿಯರಾ ಅಂತ ಕೇಳಿದರು. ನಾನು ದೊಡ್ಡದಾಗಿ ನಕ್ಕೆ, ಒಬ್ಬಳಿದ್ದಾಳೆ, ಇವಳಿಗಿಂತ ಒಂದು ತಿಂಗಳು ಹಿಂದೆ ಅಂದೆ. ಅವರು ನಗಲಿಲ್ಲ. ಒಬ್ಬಳಿಗೆ ಬಂದದ್ದು ಒಡಹುಟ್ಟಿದವಳಿಗೂ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಬೇಗ ತೋರಿಸಲಿಕ್ಕೆ ಹೇಳಿ ಅಂದರು. ಆಗಿನಿಂದ ನನಗೆ ಕೂತರೆ ನಿಂತರೆ ಚಿಕ್ಕವಳದೇ ಯೋಚನೆ. ಈ ಕಾಗದ ಬರೆಯುತ್ತಿರುವುದೇ ಅದಕ್ಕೆ. ದೊಡ್ಡವಳಲ್ಲಿ ನಾವು ಕಣ್ಣೆದುರೇ ಇಟ್ಟುಕೊಂಡು ಕಾಣದೆ ಹೋದದ್ದನ್ನು ನೀನು ಅಲ್ಲಿ ಕಾಣಬೇಕು.

ನಾವು ಕಾಣದೆ ಹೋದದ್ದು ಹೇಗೆ ಅಂತ ಹೇಳಿದರೆ ನೀನು ನಗುತ್ತೀಯೋ ಅಳುತ್ತೀಯೋ ಗೊತ್ತಿಲ್ಲ. ಬಸುರಿಯರ ಅಂಗಿ ಹೊಲಿಯುವಾಗ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಡುವುದು ನಮ್ಮ ಅಂಗಡಿಯ ಪದ್ಧತಿ. ಬಿಗಿಯಾದಾಗ ಹೊಲಿಗೆ ಬಿಚ್ಚು, ಸಡಿಲಿಸು, ಮತ್ತೆ ಹೊಲಿ. ಇಷ್ಟು ವರ್ಷ ಅದರಿಂದಲೇ ಹೆಸರು ತಗೊಂಡವನು ನಾನು. ನೀನು ಹೊರಟ ವಾರ ದೊಡ್ಡವಳು ಮಿಷನ್ ಮುಂದೆ ಕೂತವಳು, ಅಪ್ಪಾ ತೋಳು ಬಿಗೀತಿದೆ ಅಂದಳು. ಬಿಚ್ಚಿ ಹೊಲಿದುಕೊಟ್ಟೆ. ಕೆಲವೇ ದಿನಕ್ಕೆ ಮತ್ತೆ ಬಿಗಿ. ಮಣಿಕಟ್ಟಿನ ಹತ್ತಿರ ಹೊಲಿಗೆಯ ಗೆರೆ ಚರ್ಮದಲ್ಲಿ ಕೆತ್ತಿದ ಹಾಗೆ ಉಳಿದಿತ್ತು. ಟೇಪು ಹಿಡಿದು ಅಳೆದೆ, ಅಂಗಿ ಸರಿಯಾಗಿಯೇ ಇತ್ತು. ಅಂಗಿ ಸರಿಯಾಗಿದ್ದರೆ ಕೈ ತಾನೇ ಬದಲಾಗಿರಬೇಕು? ಅಷ್ಟು ಸರಳವಾದದ್ದು ಈ ಮಂಡೆಗೆ ಹೊಳೆಯಲಿಲ್ಲ. ಬಟ್ಟೆ ಒಗೆದಾಗ ಕುಗ್ಗಿದೆ ಅಂತ ತೀರ್ಮಾನಿಸಿ, ಬಟ್ಟೆ ಅಂಗಡಿಯವನ ಹತ್ತಿರ ಹೋಗಿ, ನಾಲ್ಕು ಜನ ಗಿರಾಕಿಗಳ ಮುಂದೆ ಅವನ ಮಾನ ಹರಾಜು ಹಾಕಿ ಬಂದೆ. ಅವನು ಪಾಪ ಹೊಸ ಬಟ್ಟೆ ಕೊಟ್ಟು ಕಳಿಸಿದ. ಗೆದ್ದವನ ಹಾಗೆ ಬೀಗುತ್ತಾ ಬಂದು, ಹೊಸ ಅಂಗಿ ಹೊಲಿದೆ. ತೋಳನ್ನು ಇನ್ನೂ ಅಗಲ ಇಟ್ಟೆ. ಮಗಳ ಕೈ ಊದುತ್ತಿದೆ ಅಂತ ನನಗೆ ಹೇಳಲು ಆ ಅಂಗಿ ಮಾಡಿದ ಪ್ರಯತ್ನವನ್ನೆಲ್ಲ ನಾನೇ ಕತ್ತರಿಸಿ ಹಾಕಿದೆ.

ಮುಖದ್ದೂ ಅದೇ ಕಥೆ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಉಬ್ಬಿರುತ್ತಿತ್ತು. ಬಂದ ಗಿರಾಕಿಗಳೆಲ್ಲ ತಾಯಿಯಾಗುವ ಕಳೆ ಬಂದಿದೆ, ಕೆನ್ನೆ ತುಂಬಿಕೊಂಡಿದೆ ಅಂದರು. ನಾನೂ ಹಿಗ್ಗಿದೆ. ಆಮೇಲೆ ತಲೆನೋವು ಶುರುವಾಯಿತು. ಮಾತ್ರೆ ನುಂಗಿದರೂ, ಮಲಗಿ ಎದ್ದರೂ ಬಿಡದ ತಲೆನೋವು. ಅದಕ್ಕೂ ನನ್ನ ಹತ್ತಿರ ಉತ್ತರ ಸಿದ್ಧವಿತ್ತು, ಗುಂಡಿಗೆ ಕಾಜಾ ಹೊಲಿಯುವ ಕೆಲಸ ಕಣ್ಣು ತಿನ್ನುತ್ತದೆ, ಕನ್ನಡಕ ಮಾಡಿಸೋಣ ಅಂದೆ. ಸೂಜಿಗೆ ದಾರ ಪೋಣಿಸುವಾಗ ಕಣ್ಣ ಮುಂದೆ ಮಿಣಮಿಣ ಚುಕ್ಕಿ ಕುಣಿದ ಹಾಗಾಗುತ್ತೆ ಅಂತ ಅವಳು ಹೇಳಿದ ದಿನವೂ ನಾನು ಕನ್ನಡಕದ ಜಪವನ್ನೇ ಮಾಡುತ್ತಿದ್ದೆ. ಆಸ್ಪತ್ರೆಯವರು ಕೊಟ್ಟ ತಾರೀಕು ಈ ಗುರುವಾರದ್ದು. ಹೇಗೂ ಹೋಗುತ್ತೇವಲ್ಲ, ಆಗ ಎಲ್ಲ ಒಟ್ಟಿಗೆ ಕೇಳೋಣ ಅಂದೆ. ಅಂದರೆ ನಾಳೆ. ನಾಳೆಯವರೆಗೆ ಕಾದಿದ್ದರೆ ಅಂತ ಯೋಚಿಸಿದಾಗಲೆಲ್ಲ ಪೆನ್ನು ಕೆಳಗಿಟ್ಟು ಅವಳನ್ನು ಇಣುಕಿ ನೋಡಿ ಬರುತ್ತೇನೆ. ಬರವಣಿಗೆ ತುಂಡು ತುಂಡಾಗಿದ್ದರೆ ಅದಕ್ಕೇ, ಹೊಟ್ಟೆಗೆ ಹಾಕಿಕೋ.

ಸೋಮವಾರ ಮಧ್ಯಾಹ್ನ ಅವಳು ಮಿಷನ್ ನಿಲ್ಲಿಸಿ, ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಒತ್ತಿ ಹಿಡಿದುಕೊಂಡಳು. ಗ್ಯಾಸ್ ಇರಬೇಕು, ಬಿಸಿನೀರು ಕುಡಿ ಅಂದೆ. ನನ್ನ ಮುಖವನ್ನೇ ನೋಡಿ, ಅಪ್ಪಾ, ನಿಂದು ಅರ್ಧ ಮುಖ ಕಾಣ್ತಿಲ್ಲ, ಕತ್ತರಿ ಕೆಳಗಿಡು, ಎದ್ದು ನಡಿ ಅಂದಳು. ಆ ದನಿ ನಿನಗೆ ಗೊತ್ತಲ್ಲ, ನಿನ್ನದೇ. ಎದುರು ಮಾತಾಡಲು ನನಗೆ ಧೈರ್ಯ ಬರಲಿಲ್ಲ. ಅಂಗಡಿಗೆ ಬೀಗವನ್ನೂ ಹಾಕದೆ ಹೊರಟೆವು. ದಾರಿಯಲ್ಲಿ ಅವಳು ಒಂದೇ ಮಾತು ಹೇಳುತ್ತಿದ್ದಳು, ಬೆಳಗ್ಗೆಯಿಂದ ಮಗು ಸರಿಯಾಗಿ ಒದೀತಿಲ್ಲ ಅಂತ. ಅದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಗದರಿಸಿದೆ. ಕೆಲಸ ಮಾಡುವಾಗ ಗಮನಕ್ಕೆ ಬರಲ್ಲ ಅಂದುಕೊಂಡೆ ಅಂದಳು. ಗದರಿಸಿದ್ದಕ್ಕೆ ಈಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದೇನೆ.

ಇಲ್ಲಿ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದ ನರ್ಸಮ್ಮ ಇನ್ನೊಂದು ಸಲ ನೋಡಿದರು, ಆಮೇಲೆ ಓಡಿದರು. ಆಸ್ಪತ್ರೆಯಲ್ಲಿ ನರ್ಸು ಓಡುವುದನ್ನು ನೋಡಬಾರದು ಕಣೇ. ರಕ್ತದ ಒತ್ತಡ ಮಿತಿಮೀರಿ ಏರಿತ್ತು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬರುವ ಸ್ಥಿತಿ ಅಂದರು. ಬರದ ಹಾಗೆ ಡ್ರಿಪ್ಪಿನಲ್ಲಿ ಔಷಧ ಹಾಕಿ, ಸಂಜೆಯೇ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಸಹಿ ಹಾಕಲು ಅಳಿಯನಿಗೆ ಪೆನ್ನು ಕೊಟ್ಟರೆ ಅವನು ಅದನ್ನು ತಲೆಕೆಳಗಾಗಿ ಹಿಡಿದಿದ್ದ. ನಾನೇನೂ ಕಡಿಮೆ ಇರಲಿಲ್ಲ, ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಬಂದಿದ್ದೆ. ಯಾರೋ ಪುಣ್ಯಾತ್ಮರು ತೋರಿಸಿಕೊಟ್ಟ ಮೇಲೆ ತೆಗೆದು ಜೇಬಿಗೆ ಹಾಕಿದೆ.

ಈಗ ನೀನು ಮಾಡಬೇಕಾದ್ದು. ಚಿಕ್ಕವಳ ಮುಖ ನೋಡು. ದಿನಾ ನೋಡುವವರಿಗೆ ಗೊತ್ತಾಗುವುದಿಲ್ಲ, ಅದೇ ಇದರ ಕಷ್ಟ. ಮದುವೆಯ ಉಂಗುರ ಬೆರಳಲ್ಲಿ ತಿರುಗುತ್ತದೋ ನೋಡು. ಕಾಲು ಸ್ವಲ್ಪ ಊದುವುದು ಎಲ್ಲ ಬಸುರಿಯರಿಗೂ ಇದ್ದದ್ದೇ ಅಂತೆ, ಆದರೆ ಮುಖ ಕೈ ಇದ್ದಕ್ಕಿದ್ದ ಹಾಗೆ ಊದಿದರೆ ಅದು ಬೇರೆಯೇ. ತಲೆನೋವು, ಕಣ್ಣು ಮಂಜು, ಪಕ್ಕೆಯ ಕೆಳಗಿನ ನೋವು, ರಕ್ತ ಕಾಣುವುದು, ಮಗುವಿನ ಓಡಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದಿದ್ದರೂ ತಾರೀಕು ನೋಡಬೇಡಿ, ಹಗಲೋ ರಾತ್ರಿಯೋ ನೋಡಬೇಡಿ, ನೇರವಾಗಿ ಬನ್ನಿ ಅಂತ ಡಾಕ್ಟರಮ್ಮ ನನ್ನ ಬಾಯಲ್ಲೇ ಮತ್ತೆ ಮತ್ತೆ ಹೇಳಿಸಿದರು, ಮಗ್ಗಿ ಒಪ್ಪಿಸಿದ ಹಾಗೆ. ಇನ್ನೊಂದು, ಕೆಲವರಿಗೆ ಏನೂ ಗೊತ್ತೇ ಆಗದೆ ಬಿಪಿ ಏರಿರುತ್ತದಂತೆ. ಹಾಗಾಗಿ ಅವಳು ಗುಂಡುಕಲ್ಲಿನ ಹಾಗಿದ್ದರೂ ಇವತ್ತೋ ನಾಳೆಯೋ ನೋಡಿಸಲೇಬೇಕು. ಅವಳಿಗೆ ಅಕ್ಕನ ವಿಷಯ ಹೇಳಬೇಡ. ನನ್ನ ಮೊಣಕಾಲು ತೋರಿಸಬೇಕು, ಜೊತೆಗೆ ಬಾ ಅಂತ ನೆಪ ಹೂಡು. ಅಲ್ಲಿಗೆ ಹೋದ ಮೇಲೆ, ಬಂದದ್ದು ಬಂದೆ, ನಿನ್ನದೂ ಒಂದು ಸಲ ನೋಡಿಬಿಡಲಿ ಅನ್ನು. ನೆಪ ಹೂಡುವುದರಲ್ಲಿ ನಿನ್ನನ್ನು ಮೀರಿಸುವವರು ಯಾರೂ ಇಲ್ಲ, ಮದುವೆಯಾದಾಗಿನಿಂದ ನೋಡುತ್ತಿದ್ದೇನೆ.

ನೀನಿಲ್ಲದ ಮನೆ ಬಣಗುಡುತ್ತಿದೆ. ನೀನು ಇಲ್ಲಿದ್ದಿದ್ದರೆ ಮೊದಲ ದಿನವೇ ಅವಳ ಕೈ ಹಿಡಿದು ನೋಡಿ ನನಗೆ ನಾಲ್ಕು ಬೈಯುತ್ತಿದ್ದೆ, ಇಷ್ಟೆಲ್ಲ ಆಗುತ್ತಿರಲಿಲ್ಲ. ಹಾಗಂತ ನೀನು ಬೇಜಾರು ಮಾಡಿಕೊಂಡು ಓಡಿ ಬರಬೇಡ. ಇಲ್ಲಿ ಕಾಯಲು ನಾನಿದ್ದೇನೆ, ಅಲ್ಲಿ ಕಾಯಲು ನೀನೇ ಬೇಕು. ಮೊಮ್ಮಗಳ ಮೂಗು ನಿಮ್ಮ ಕಡೆಯದ್ದು, ಅದನ್ನು ಒಪ್ಪಿಕೊಂಡಿದ್ದೇನೆ. ಚಿಕ್ಕ ಅಳಿಯನಿಗೆ ಕೇಳಿದೆ ಅಂತ ಹೇಳು. ಚಿಕ್ಕವಳಿಗೆ ಅಪ್ಪನ ಆಶೀರ್ವಾದ, ತಲೆ ಮೇಲೆ ಒಂದು ಸಣ್ಣ ಮೊಟಕು. ನಿನಗೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಇವರು

ತಾ.ಕ.: ಕಾಗದ ಮಡಿಸುವಾಗ ದೊಡ್ಡವಳು ಕರೆಸಿದಳು. ಚಿಕ್ಕವಳಿಗೆ ತಿಳಿಯದ ಹಾಗೆ ಅಮ್ಮನಿಗೆ ಬರೆದಿದ್ದೇನೆ ಅಂದೆ. ಅವಳ ಮುಖ ಬಿಳಿಚಿಕೊಂಡಿತು. ಶನಿವಾರ ಅಕ್ಕತಂಗಿ ಇಬ್ಬರೂ ಫೋನಿನಲ್ಲಿ ಮಾತಾಡಿದ್ದಾರೆ. ಚಿಕ್ಕವಳಿಗೂ ತಲೆನೋವಂತೆ, ಕಣ್ಣ ಮುಂದೆ ಚುಕ್ಕಿಯಂತೆ, ಅಮ್ಮನಿಗೆ ಹೇಳಬೇಡ, ಸುಮ್ಮನೆ ಗಾಬರಿಯಾಗ್ತಾಳೆ ಅಂದಳಂತೆ. ದೊಡ್ಡವಳು, ನನಗೂ ಹಾಗೇ ಕಣೇ, ಇಬ್ಬರಿಗೂ ಒಂದೇ ತರ ಇದೆ ಅಂದ್ಮೇಲೆ ಎಲ್ಲರಿಗೂ ಆಗೋದೇ ಇರಬೇಕು ಅಂದಳಂತೆ. ಇಬ್ಬರೂ ನಕ್ಕು ಫೋನ್ ಇಟ್ಟಿದ್ದಾರೆ. ಈಗ ನಿನಗೆ ಫೋನ್ ಮಾಡಿದೆ, ಎತ್ತುತ್ತಿಲ್ಲ. ಚಿಕ್ಕವಳೂ ಎತ್ತುತ್ತಿಲ್ಲ. ಚಿಕ್ಕ ಅಳಿಯ ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿಗೂ ಮಾಡಿದೆ, ಯಂತ್ರದ ಗದ್ದಲಕ್ಕೆ ಯಾರಿಗೂ ಕೇಳಿಸುತ್ತಿಲ್ಲ. ಮಾಡುತ್ತಲೇ ಇರುತ್ತೇನೆ. ದಾರದ ವ್ಯಾಪಾರಿಯನ್ನು ಬಾಡಿಗೆ ಕಾರು ಹತ್ತಿಸುತ್ತಿದ್ದೇನೆ, ಬಾಗಿಲಲ್ಲೇ ಬಾಯಲ್ಲಿ ಹೇಳಿ ಅಂದಿದ್ದೇನೆ. ಮೇಲೆ ಬರೆದ ನೆಪಗಿಪ ಎಲ್ಲ ಬಿಡು. ಕಾರನ್ನು ವಾಪಸು ಕಳಿಸಬೇಡ, ಚಿಕ್ಕವಳನ್ನು ಅದರಲ್ಲೇ ಕೂರಿಸಿ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗು. ಅವಳು ಹೆದರಿದರೆ ಹೆದರಲಿ, ಅತ್ತರೆ ಅಳಲಿ. ಹೊರಡಿ.